ಬದುವಿನ ಸೊಪ್ಪು, ಮನೆಯ ಕಷಾಯ: ಯಾವುದು, ಎಲ್ಲಿಂದ, ಎಷ್ಟು?

ಪ್ರಶ್ನೆ: ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ಎರಡು ಎಕರೆ ರಾಗಿ ಹೊಲ, ಒಂದು ಪಕ್ಕ ಹಿಪ್ಪುನೇರಳೆ ತೋಟ, ಇನ್ನೊಂದು ಪಕ್ಕ ಭಾವನವರ ಟೊಮೇಟೊ. ಮಳೆ ಬಿದ್ದ ಮೇಲೆ ಬದುವಿನಲ್ಲೂ ಕೆರೆಯಂಗಳದಲ್ಲೂ ಬೇಕಾದಷ್ಟು ಸೊಪ್ಪು ಏಳುತ್ತದೆ. ಅತ್ತೆಯವರಿಗೆ ಎಲ್ಲದರ ಹೆಸರೂ ಗೊತ್ತು, ಆದರೆ ಈಗ ಕಣ್ಣು ಮಂಜು. ಈ ವರ್ಷ ನಾನೇ ಕಿತ್ತು ತರಬೇಕೆಂದಿದ್ದೇನೆ. ಜೊತೆಗೆ ಮನೆಮಂದಿಗೆಲ್ಲ ದಿನಾ ಬೆಳಿಗ್ಗೆ ಅಮೃತಬಳ್ಳಿ ಕಷಾಯ ಕೊಡುವ ಯೋಚನೆಯಿದೆ. ಅತ್ತೆಗೆ ಸಕ್ಕರೆ ಕಾಯಿಲೆಗೆ ಮಾತ್ರೆ ನಡೆಯುತ್ತಿದೆ, ಹಿಂದೆ ಒಮ್ಮೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಮಗನಿಗೆ ಆರು ವರ್ಷ. ಯಾವ ಕಾಲಕ್ಕೆ ಏನು, ಎಷ್ಟು, ಹೇಗೆ ಎಂದು ವಿವರವಾಗಿ ತಿಳಿಸಿ.

ಉತ್ತರ: ನೀವು ಕೇಳಿರುವುದರಲ್ಲಿ ಎರಡು ಬೇರೆ ಬೇರೆ ವಿಷಯಗಳಿವೆ. ಬೆರಕೆ ಸೊಪ್ಪು ಊಟದ ವಸ್ತು. ನೋಡಿ ಕಿತ್ತು, ಸರಿಯಾಗಿ ಬೇಯಿಸಿದರೆ ವಾರಕ್ಕೆ ಎರಡು ಮೂರು ಸಲ ಮನೆಯವರೆಲ್ಲ ತಿನ್ನಬಹುದು. ಅಮೃತಬಳ್ಳಿ ಔಷಧಿ. ಅದನ್ನು ಬೆಳಗಿನ ಕಾಫಿಯ ಜಾಗದಲ್ಲಿ ಕೂರಿಸುವುದು ಬೇಡ, ಅತ್ತೆಯವರಿಗಂತೂ ಕೊಡಲೇಬೇಡಿ. ಮಳೆಗಾಲದಲ್ಲಿ ಮೈಗೆ ನಿಜವಾಗಿ ಉಪಕಾರ ಮಾಡುವುದು ಮುದ್ದೆಯ ಪಕ್ಕದ ಸೊಪ್ಪು. ಅದರಲ್ಲಿ ಕಬ್ಬಿಣ, ಸುಣ್ಣದಂಶ, ಎ ಜೀವಸತ್ವ, ನಾರು ಎಲ್ಲ ಇದೆ. ಆದ್ದರಿಂದ ಸೊಪ್ಪಿನ ಬಗ್ಗೆ ಹೆಚ್ಚು ಹೇಳುತ್ತೇನೆ, ಕಷಾಯದ ಬಗ್ಗೆ ಬೇಕಾದಷ್ಟು ಮಾತ್ರ.

ಗಿಡದ ಹೆಸರಿಗಿಂತ ಮೊದಲು ಜಾಗ ನೋಡಿ. ನಿಮ್ಮ ಹೊಲದ ಮೂರು ದಿಕ್ಕಿಗೂ ಮೂರು ಬಗೆಯ ಉತ್ತರವಿದೆ.

ಟೊಮೇಟೊ ಕಡೆಯ ಬದುವನ್ನು ಪೂರ್ತಿ ಬಿಟ್ಟುಬಿಡಿ. ಮಳೆ ಹಿಡಿದ ವಾರಗಳಲ್ಲಿ ಅಂಗಮಾರಿಗೆ, ಕಾಯಿಕೊರಕಕ್ಕೆ ಮೇಲಿಂದ ಮೇಲೆ ಔಷಧಿ ಹೊಡೆಯುತ್ತಾರೆ, ಗಾಳಿ ನಿಮ್ಮ ಕಡೆ ಬೀಸಿದರೆ ಅದು ಬದು ದಾಟಿ ಬರುತ್ತದೆ. ಆ ಪಕ್ಕದಲ್ಲಿ ನಿಮ್ಮ ಹೊಲದೊಳಗೂ ಎಂಟು ಹತ್ತು ಮಾರು ಬಿಟ್ಟು ಕಿತ್ತುಕೊಳ್ಳಿ. ತೊಳೆದರೆ ಹೋಗುತ್ತದೆ ಎಂದುಕೊಳ್ಳಬೇಡಿ. ಎಲೆಯ ಮೇಲೆ ಕೂತ ಔಷಧಿ ಒಂದಿಷ್ಟು ತೊಳೆದು ಹೋಗಬಹುದು, ಗಿಡದೊಳಗೆ ಇಳಿಯುವ ಔಷಧಿ ಹೋಗುವುದಿಲ್ಲ.

ಹಿಪ್ಪುನೇರಳೆ ಕಡೆಯ ಬದು ಸಾಮಾನ್ಯವಾಗಿ ಮೂರರಲ್ಲಿ ಒಳ್ಳೆಯದು. ವಿಷದ ಎಲೆ ತಿಂದರೆ ರೇಷ್ಮೆಹುಳು ಸಾಯುವುದರಿಂದ ರೈತರು ಅಲ್ಲಿ ಕೈ ಬಿಗಿಹಿಡಿದೇ ಔಷಧಿ ಹೊಡೆಯುತ್ತಾರೆ. ಆದರೂ ಎಲೆಸುರುಳಿ ಹುಳುವಿಗೋ ನುಸಿಗೋ ಹೊಡೆದಿರಬಹುದು, ಆದ್ದರಿಂದ ತೋಟದವರನ್ನು ಕೇಳಿ. ಹೊಡೆದ ಮೇಲೆ ಹುಳುವಿಗೆ ಸೊಪ್ಪು ಕೊಡಲು ಅವರು ಎಷ್ಟು ದಿನ ಕಾಯುತ್ತಾರೋ ಅದರ ಮೇಲೆ ಇನ್ನೊಂದು ವಾರ ನೀವು ಕಾಯಿರಿ. ಹುಳು ಸಾಕುವ ಮನೆಯ ಸುತ್ತ ಮಾತ್ರ ಕೀಳಬೇಡಿ, ಅಲ್ಲಿ ಬ್ಲೀಚಿಂಗ್ ಪುಡಿ, ಸುಣ್ಣ, ಸೋಂಕು ತೊಳೆದ ನೀರು ಬಿದ್ದಿರುತ್ತದೆ.

ರಾಗಿ ಹೊಲಕ್ಕೆ ಮೊದಲು ಯಾವ ಅಂಜಿಕೆಯೂ ಇರಲಿಲ್ಲ. ಈಗ ಕೂಲಿಯಾಳು ಸಿಗದೆ ಕಳೆನಾಶಕ ಬಂದಿದೆ. 2,4-ಡಿ ತಾಗಿದ ಸೊಪ್ಪಿನ ಕುಡಿ ತಿರುಚಿಕೊಂಡಿರುತ್ತದೆ, ಎಲೆ ಒಳಮುಖವಾಗಿ ಮಡಚಿರುತ್ತದೆ, ಎಳೆ ಕಾಂಡ ಕೊಂಕಿ ನೆಲದ ಕಡೆ ಬಾಗಿರುತ್ತದೆ. ಗ್ಲೈಫೋಸೇಟ್ ಆದರೆ ಬದುವಿನ ಒಂದು ಪಟ್ಟಿಯಲ್ಲಿ ಹುಲ್ಲು, ಸೊಪ್ಪು ಎನ್ನದೆ ಎಲ್ಲವೂ ಒಟ್ಟಿಗೆ ಹಳದಿಗೆ ತಿರುಗುತ್ತವೆ. ಈ ಗುರುತುಗಳು ಕಾಣಿಸಿಕೊಳ್ಳಲು ಕೆಲವು ದಿನ ಬೇಕು. ನಿನ್ನೆ ಹೊಡೆದಿದ್ದರೆ ಇವತ್ತು ಸೊಪ್ಪು ಹಚ್ಚಗೇ ಇರುತ್ತದೆ. ನಿಮ್ಮದೇ ಹೊಲವಾದ್ದರಿಂದ ನಿಮಗೆ ಗೊತ್ತಿರುತ್ತದೆ, ಬೇರೆಯವರ ಹೊಲಕ್ಕೆ ಕೇಳದೆ ಇಳಿಯಬೇಡಿ.

ಇನ್ನು ಕೆರೆಯಂಗಳ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ, ಎಚ್.ಎನ್. ವ್ಯಾಲಿಯಿಂದ (ಹೆಬ್ಬಾಳ-ನಾಗವಾರ ಕಣಿವೆ) ಚಿಕ್ಕಬಳ್ಳಾಪುರದ ಕೆರೆಗಳಿಗೂ ಬರುತ್ತಿದೆ. ಅಂತರ್ಜಲ ಏರಿಸಲು ಆ ನೀರು. ಅದರಲ್ಲಿ ಕಾಲಿಟ್ಟು ಬೆಳೆದ ಹೊನಗೊನ್ನೆ, ಒಂದೆಲಗ ತಿನ್ನುವುದು ಬೇರೆ ಮಾತು. ನೀರಂಚಿನ ಸೊಪ್ಪುಗಳು ಭಾರಲೋಹಗಳನ್ನು ಹೀರಿಕೊಳ್ಳುವುದರಲ್ಲಿ ಚುರುಕು, ಒಂದೆಲಗವನ್ನಂತೂ ನಾವು ಹಸಿಯಾಗಿಯೇ ತಂಬುಳಿ, ಚಟ್ನಿ ಮಾಡುತ್ತೇವೆ. ನಿಮ್ಮ ಕೆರೆಗೆ ಬರೀ ಮಳೆನೀರು ಬರುವುದು ಖಚಿತವಿದ್ದು, ಊರ ಚರಂಡಿ ಸೇರದಿದ್ದರೆ ಮಾತ್ರ ಅಲ್ಲಿನ ಹೊನಗೊನ್ನೆ ಬೇಯಿಸಿ ತಿನ್ನಿ. ಒಂದೆಲಗವನ್ನು ಬಚ್ಚಲ ನೀರು ಹೋಗದ ಕಡೆ ಒಂದು ಕುಂಡದಲ್ಲಿ ನೆಟ್ಟುಕೊಳ್ಳಿ, ನೆರಳಿದ್ದರೆ ತಾನೇ ಹಬ್ಬುತ್ತದೆ. ಕೊಳಕು ಕೆರೆಗಳಲ್ಲಿ ಹೊನಗೊನ್ನೆಯನ್ನೇ ಹೋಲುವ ಇನ್ನೊಂದು ಕಳೆ ಹಾಸಿಕೊಂಡಿರುತ್ತದೆ. ಹೊನಗೊನ್ನೆಯ ಬಿಳಿ ಹೂಗುಚ್ಛ ಎಲೆಯ ಕಂಕುಳಿಗೆ ಅಂಟಿ ಕೂತಿರುತ್ತದೆ. ಆ ಕಳೆಯಲ್ಲಿ ಹೂಗುಚ್ಛಕ್ಕೆ ಉದ್ದನೆಯ ತೊಟ್ಟಿರುತ್ತದೆ, ಕಾಂಡ ಮುರಿದರೆ ಒಳಗೆ ಟೊಳ್ಳು.

ಕೋಲಾರ, ತುಮಕೂರಿನ ಓದುಗರಿಗೂ ಎರಡು ಮಾತು. ಕೆಜಿಎಫ್‌ನ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸಯನೈಡ್ ದಿಬ್ಬಗಳ ಸುತ್ತಮುತ್ತ, ಆ ಮಣ್ಣು ಮಳೆಯಲ್ಲಿ ಕೊಚ್ಚಿಕೊಂಡು ಬರುವ ಹಳ್ಳಗಳಲ್ಲಿ ಒಂದು ಎಲೆಯನ್ನೂ ಕೀಳಬೇಡಿ. ಹೆದ್ದಾರಿಗಳ ಅಂಚಿನಲ್ಲಿ, ಮುಳಬಾಗಿಲು ಕಡೆಯ 75 ಇರಲಿ, ಬಾಗೇಪಲ್ಲಿಯ 44 ಇರಲಿ, ಶಿರಾದ 48 ಇರಲಿ, ಐವತ್ತು ಮೀಟರ್ ಒಳಗೆ ಹೋಗಿಯೇ ಕೈ ಹಾಕಿ. ನೀಲಗಿರಿ ತೋಪಿಗೆ ಹೋಗಬೇಡಿ ಎಂದು ಹೇಳಬೇಕಾಗಿಲ್ಲ, ಅಲ್ಲಿ ಸೊಪ್ಪೇ ಸಿಗುವುದಿಲ್ಲ.

ಈಗ ಗಿಡಗಳು. ಬೆರಕೆ ಸೊಪ್ಪೆಂದರೆ ಇಪ್ಪತ್ತು ಮೂವತ್ತು ಬಗೆ ಸೇರಿಸುವವರಿದ್ದಾರೆ. ನೀವು ಮೊದಲ ವರ್ಷ ಆರೇ ಆರು ಕಲಿಯಿರಿ. ಪ್ರತಿಯೊಂದನ್ನೂ ಮೊದಲ ಸಲ ಬೇರು, ಹೂವು, ಕಾಯಿ ಸಮೇತ ಒಂದು ಗಿಡ ಕಿತ್ತು ತಂದು ಅತ್ತೆಯವರ ಕೈಗೆ ಕೊಡಿ. ಕಣ್ಣು ಮಂಜಾದರೂ ಎಲೆ ಉಜ್ಜಿ ಮೂಸಿದರೆ, ಕಾಂಡ ಮುಟ್ಟಿದರೆ ಅವರಿಗೆ ಗೊತ್ತಾಗುತ್ತದೆ. ಅವರು ಅನುಮಾನಿಸಿದ್ದು ಅಡುಗೆಗೆ ಬೇಡ.

ಅಣ್ಣೆ ಸೊಪ್ಪು ಬೆರಕೆಯ ಮೂಲ. ಎಲೆ ಉದ್ದುದ್ದ, ತುದಿ ಚೂಪು, ನಯವಾಗಿರುತ್ತದೆ. ಬಲಿತಾಗ ತುದಿಯಲ್ಲಿ ಬಿಳಿಗುಲಾಬಿ ತೆನೆ ನಿಲ್ಲುತ್ತದೆ. ತೆನೆ ಬರುವ ಮುಂಚೆ ಕೀಳಬೇಕು, ಬಂದ ಮೇಲೆ ನಾರು, ಒಗರು. ಎರಡನೆಯದು ಕೀರೆ, ಮುಳ್ಳುಕೀರೆ. ಗಿಣ್ಣಿನಲ್ಲಿ ಮುಳ್ಳಿದ್ದರೂ ತುದಿಯ ಕುಡಿ ಮೆತ್ತಗಿರುತ್ತದೆ, ಅದನ್ನಷ್ಟೇ ಚಿವುಟಿ. ಮೂರನೆಯದು ಗೋಣಿ ಸೊಪ್ಪು: ನೆಲಕ್ಕೆ ಹರಡಿದ ಕೆಂಪು ಕಾಂಡ, ದಪ್ಪ ಎಲೆ, ಹಳದಿ ಹೂ. ಇದರ ಪಕ್ಕದಲ್ಲೇ ನೆಲಕ್ಕಂಟಿ ಬೆಳೆಯುವ, ಕೆಂಪು ಕಾಂಡದ ಸಣ್ಣೆಲೆಯ ಹಾಲುಗಿಡಗಳಿರುತ್ತವೆ. ಆದ್ದರಿಂದ ಗೋಣಿಯ ಪ್ರತಿ ಬಳ್ಳಿಯನ್ನೂ ಒಮ್ಮೆ ಮುರಿದು ನೋಡಿ. ಬಿಳಿ ಹಾಲು ಜಿನುಗಿದರೆ ಎಸೆಯಿರಿ, ಗೋಣಿಯಲ್ಲಿ ಬರೀ ನೀರು ಬರುತ್ತದೆ. ಹೂ ಹಳದಿಯ ಬದಲು ಗುಲಾಬಿಯಾಗಿ ಎಲೆಯ ಬುಡದಲ್ಲಿ ಅವಿತಿದ್ದರೆ ಅದೂ ಗೋಣಿಯಲ್ಲ. ನಿಮ್ಮ ಕಡೆ ಗಲಿಜೇರು ಎನ್ನುತ್ತಾರೆ. ಎಳೆಯದಾಗಿ ತಿನ್ನುವವರಿದ್ದಾರೆ, ಹೊಟ್ಟೆ ಕೆಡಿಸುವುದೂ ಉಂಟು, ಹೊಸಬರು ಬಿಡುವುದು ಲೇಸು. ನಾಲ್ಕನೆಯದು ಹೊನಗೊನ್ನೆ, ಮೇಲೆ ಹೇಳಿದೆ.

ಐದನೆಯದು ಚಗಟೆ. ಮೊದಲ ಮಳೆಗೆ ಏಳುವ ಇದರ ಎಳೆ ಕುಡಿ ಪಲ್ಯಕ್ಕೂ ಚೆನ್ನ. ಇದರಲ್ಲಿ ಒಂದು ಎಚ್ಚರಿಕೆ ಇದೆ. ಚಗಟೆಯ ಒಂದು ಎಲೆಗೆ ಮೂರು ಜೊತೆ ಚಿಕ್ಕೆಲೆ, ಅವುಗಳ ತುದಿ ದುಂಡು. ಅದೇ ಜಾತಿಯ ಇನ್ನೊಂದು ಗಿಡಕ್ಕೆ, ಸೆನ್ನಾ ಆಕ್ಸಿಡೆಂಟಾಲಿಸ್‌ಗೆ, ನಾಲ್ಕರಿಂದ ಆರು ಜೊತೆ, ತುದಿ ಚೂಪು, ಉಜ್ಜಿದರೆ ಕೆಟ್ಟ ವಾಸನೆ. ಅದರ ಕಾಯಿ, ಬೀಜ ತಿಂದ ಮಕ್ಕಳಿಗೆ ಉತ್ತರ ಭಾರತದಲ್ಲಿ ಲಿವರ್, ಮಿದುಳು, ಸ್ನಾಯುಗಳಿಗೆ ತೀವ್ರ ಹಾನಿಯಾಗಿ ಸಾವುಗಳಾಗಿವೆ. ಮನೆ ಹತ್ತಿರ ಇದ್ದರೆ ಕಾಯಿಕಟ್ಟುವ ಮುಂಚೆ ಕಿತ್ತು ಹಾಕಿ, ಮಗನಿಗೂ ತೋರಿಸಿ ಹೇಳಿ.

ಆರನೆಯದು ಗಣಿಕೆ, ಕೆಲವರ ಬಾಯಲ್ಲಿ ಕಾಚಿ, ತೆಲುಗಿನವರಿಗೆ ಕಾಮಂಚಿ. ಬಿಳಿ ನಕ್ಷತ್ರದಂಥ ಪುಟ್ಟ ಹೂ, ಗೊಂಚಲಲ್ಲಿ ಕಾಳುಮೆಣಸಿನ ಗಾತ್ರದ ಕಾಯಿ, ಹಣ್ಣಾದಾಗ ಕಪ್ಪು. ಹಸಿರು ಕಾಯಿಯಲ್ಲಿ ಸೊಲನೈನ್ ಎಂಬ ವಿಷವಿರುತ್ತದೆ, ಒಂದೊಂದನ್ನೂ ಬಿಡಿಸಿ ತೆಗೆಯಬೇಕು. ಎಳೆಯ ಉಮ್ಮತ್ತಿ ಗಿಡ ಗಣಿಕೆಯ ನಡುವೆ ಬೆಳೆದರೆ ಹೂ ಬಿಡುವವರೆಗೆ ಪಳಗಿದ ಕಣ್ಣನ್ನೂ ಮೋಸಗೊಳಿಸುತ್ತದೆ. ಹಾಗಾಗಿ ಇಲ್ಲಿ ಒಂದು ಗಟ್ಟಿ ನಿಯಮ ಇಟ್ಟುಕೊಳ್ಳಿ. ಅದೇ ಗಿಡದಲ್ಲಿ ಗಣಿಕೆಯ ಹೂವನ್ನೋ ಹಣ್ಣನ್ನೋ ಕಂಡರೆ ಮಾತ್ರ ಕುಡಿ ಚಿವುಟಿ, ಬರೀ ಎಲೆ ನೋಡಿ ಬೇಡ.

ನಮ್ಮ ಸೀಮೆಯಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಸೊಪ್ಪಿಗೆ ಒಳ್ಳೆಯ ಕಾಲ ಜುಲೈನಿಂದ ಅಕ್ಟೋಬರ್ ನಡುವೆ ಸಿಗುತ್ತದೆ, ಚಗಟೆ ಮಾತ್ರ ಅದಕ್ಕೂ ಮುಂಚೆ. ಇಬ್ಬನಿ ಆರಿದ ಮೇಲೆ, ಬಿಸಿಲೇರುವ ಮುಂಚೆ ಕೀಳಿ. ನಾಲ್ಕು ಬೆರಳುದ್ದ ಕುಡಿಯನ್ನು ಉಗುರಿನಲ್ಲಿ ಚಿವುಟಿ, ಬೇರು ಸಮೇತ ಎಳೆದರೆ ಮಣ್ಣೂ ಬರುತ್ತದೆ, ಮುಂದಿನ ವಾರಕ್ಕೆ ಚಿಗುರೂ ಇಲ್ಲ. ಒಂದೊಂದು ಬಗೆಯನ್ನು ಬೇರೆ ಬೇರೆ ಗಂಟು ಕಟ್ಟಿ ತನ್ನಿ. ಎಲ್ಲ ಒಂದೇ ಮಡಿಲಿಗೆ ತುಂಬಿಕೊಂಡು ಬಂದರೆ ಮನೆಯಲ್ಲಿ ಬೇರ್ಪಡಿಸುವಾಗಲೇ ತಪ್ಪು ಎಲೆ ಜಾರುವುದು. ಪಾರ್ಥೇನಿಯಂ ನಡುವಿನ ಸೊಪ್ಪಿಗೆ ಕೈ ಹಾಕುವಾಗ ಉದ್ದ ತೋಳಿನ ಅಂಗಿ ಇರಲಿ, ಕೆಲವರಿಗೆ ಆ ಕಳೆ ತಾಗಿದರೆ ತಿಂಗಳುಗಟ್ಟಲೆ ತುರಿಕೆ. ಮೂರು ನೀರಿನಲ್ಲಿ ತೊಳೆಯಿರಿ. ಪ್ರತಿ ಸಲವೂ ಸೊಪ್ಪನ್ನು ನೀರಿನಿಂದ ಮೇಲಕ್ಕೆತ್ತಿಕೊಳ್ಳಬೇಕು. ಪಾತ್ರೆ ಬಗ್ಗಿಸಿ ನೀರು ಚೆಲ್ಲಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೇ ಕೂರುತ್ತದೆ, ಗೋಣಿಯಲ್ಲಂತೂ ಕಟಕಟ ಅನ್ನುತ್ತದೆ.

ನಾಲ್ಕು ಜನಕ್ಕೆ ಅಣ್ಣೆ ಮತ್ತು ಕೀರೆ ಸೇರಿ 200 ಗ್ರಾಂ, ಗೋಣಿ 50 ಗ್ರಾಂ, ಚಗಟೆ ಒಂದು ಹಿಡಿ, ಗಣಿಕೆ ಐದಾರು ಕುಡಿ, ತೊಗರಿಬೇಳೆ ಅಥವಾ ಅಲಸಂದೆ ಕಾಳು ಒಂದು ಲೋಟ. ಗಣಿಕೆ ಹೆಚ್ಚಾದರೆ ಸಾರು ಕಹಿಯಾಗುತ್ತದೆ, ಮಗ ಮತ್ತೆ ಸೊಪ್ಪು ಮುಟ್ಟುವುದಿಲ್ಲ. ಸೊಪ್ಪನ್ನು ಮುಚ್ಚಳ ತೆಗೆದು ಐದಾರು ನಿಮಿಷ ಬೇಯಿಸಿದರೆ ಸಾಕು.

ಇಲ್ಲೇ ನಿಮ್ಮ ಅತ್ತೆಯವರ ವಿಷಯ ಬರುತ್ತದೆ. ಅಣ್ಣೆ, ಕೀರೆ, ಗೋಣಿ ಮೂರರಲ್ಲೂ ಆಕ್ಸಲೇಟ್ ಎಂಬ ಲವಣ ಹೆಚ್ಚು, ಗೋಣಿಯಲ್ಲಿ ಬಹಳ. ಕಿಡ್ನಿಯಲ್ಲಿ ಹೆಚ್ಚಾಗಿ ಆಗುವುದು ಇದೇ ಆಕ್ಸಲೇಟು ಸುಣ್ಣದೊಂದಿಗೆ ಸೇರಿ ಕಟ್ಟುವ ಕಲ್ಲು. ಸೊಪ್ಪನ್ನು ಹೆಚ್ಚು ನೀರಿನಲ್ಲಿ ಬೇಯಿಸಿದರೆ ನೀರಿನಲ್ಲಿ ಕರಗುವ ಆಕ್ಸಲೇಟಿನ ದೊಡ್ಡ ಪಾಲು ನೀರಿಗೆ ಇಳಿಯುತ್ತದೆ. ಬೇರೆಡೆ ಆ ನೀರನ್ನು ಚೆಲ್ಲುತ್ತಾರೆ. ನಾವು ಬಸಿದ ಕಟ್ಟಿಗೇ ಖಾರ ಕದಡಿ ಬಸ್ಸಾರು ಮಾಡಿ ಸುರಿಯುತ್ತೇವೆ! ಮಸ್ಸೊಪ್ಪಿನಲ್ಲೂ ಅದು ಪೂರ್ತಿ ಒಳಗೇ ಉಳಿಯುತ್ತದೆ. ಕಲ್ಲಾಗದ ಆರೋಗ್ಯವಂತರಿಗೆ ಇದರಿಂದ ತೊಂದರೆಯಿಲ್ಲ. ಅತ್ತೆಯವರಿಗಾಗಿ ವಿಧಾನ ಸ್ವಲ್ಪ ಬದಲಿಸಿ. ಕಾಳನ್ನು ಒಂದು ಪಾತ್ರೆಯಲ್ಲಿ ಬೇಯಿಸಿ, ಸಾರಿಗೆ ಆ ಕಟ್ಟನ್ನು ಬಳಸಿ. ಸೊಪ್ಪನ್ನು ಇನ್ನೊಂದು ಅಗಲ ಪಾತ್ರೆಯಲ್ಲಿ ಎರಡು ಲೀಟರ್ ಕುದಿಯುವ ನೀರಿಗೆ ಹಾಕಿ ಬೇಯಿಸಿ, ಆ ನೀರನ್ನು ಚೆಲ್ಲಿ, ಹಿಂಡಿ ಪಲ್ಯಕ್ಕೆ ಹಾಕಿ. ರುಚಿ ಒಂದಿಷ್ಟು ತಗ್ಗುತ್ತದೆ, ನಿಜ. ಗೋಣಿಯನ್ನು ಅವರ ಪಾಲಿಗೆ ಬಿಟ್ಟೇಬಿಡಿ. ಊಟದಲ್ಲಿ ಒಂದು ಬಟ್ಟಲು ಮೊಸರಿರಲಿ. ಮೊಸರಿನ ಸುಣ್ಣದಂಶ ಉಳಿದ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ, ಕಿಡ್ನಿವರೆಗೆ ಬಿಡುವುದಿಲ್ಲ. ಕಲ್ಲಿದ್ದವರು ಸುಣ್ಣದಂಶ ಬಿಡಬೇಕೆಂಬ ಮಾತು ಊರಲ್ಲಿ ಚಾಲ್ತಿಯಲ್ಲಿದೆ, ಊಟದ ಮೊಸರಿನ ಮಟ್ಟಿಗೆ ಅದು ತಲೆಕೆಳಗು. ಅವರಿಗೆ ಕಿಡ್ನಿಯೇ ದುರ್ಬಲವಾಗಿದೆ ಎಂದು ವೈದ್ಯರು ಹೇಳಿದ್ದರೆ ಸೊಪ್ಪಿನ ಪೊಟ್ಯಾಸಿಯಂ ಲೆಕ್ಕವೂ ಸೇರುತ್ತದೆ, ಆಗ ವೈದ್ಯರನ್ನು ಕೇಳಿಯೇ ಸೊಪ್ಪು ಕೊಡಿ. ಹೃದಯಕ್ಕಾಗಿ ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಅವರಿಗೂ ಸೊಪ್ಪು ಒಂದು ವಾರ ರಾಶಿ, ಇನ್ನೊಂದು ವಾರ ಏನೂ ಇಲ್ಲ ಎಂದಾಗಬಾರದು. ಸೊಪ್ಪಿನ ಕೆ ಜೀವಸತ್ವ ಆ ಮಾತ್ರೆಗೆ ಎದುರು ನಿಲ್ಲುತ್ತದೆ.

ಮಗನಿಗೆ ಬೆಂದ ಸೊಪ್ಪು ಎರಡು ಮೂರು ಚಮಚ ಸಾಕು. ಬೇಯಿಸಿದ ಸೊಪ್ಪನ್ನು ಹೊರಗಿಟ್ಟು ಮರುದಿನ ಬಿಸಿ ಮಾಡಿ ಮಕ್ಕಳಿಗೆ ಕೊಡಬೇಡಿ, ಇಟ್ಟಷ್ಟೂ ಅದರ ನೈಟ್ರೇಟ್ ಹಾನಿಕರ ನೈಟ್ರೈಟ್ ಆಗಿ ಬದಲಾಗುತ್ತದೆ.

ಇನ್ನು ಕಷಾಯ. ಮಳೆಗಾಲದ ನೆಗಡಿ, ಗಂಟಲು ಕೆರೆತಕ್ಕೆ ಹಿತ್ತಲಿನ ತುಳಸಿ, ದೊಡ್ಡಪತ್ರೆ ಸಾಕಾಗುತ್ತದೆ. ದೊಡ್ಡವರಿಗೆ ತುಳಸಿ ಎಂಟು ಹತ್ತು ಎಲೆ, ದೊಡ್ಡಪತ್ರೆ ಎರಡು, ಜಜ್ಜಿದ ಕಾಳುಮೆಣಸು ನಾಲ್ಕು, ಅರ್ಧ ಇಂಚು ಶುಂಠಿ. ಎರಡು ಲೋಟ ನೀರಿನಲ್ಲಿ ಮೊದಲು ಮೆಣಸು, ಶುಂಠಿ ಕುದಿಸಿ ಒಂದು ಲೋಟಕ್ಕೆ ಇಳಿಸಿ, ಒಲೆ ಆರಿಸಿದ ಮೇಲೆ ಎಲೆ ಹಾಕಿ ಹತ್ತು ನಿಮಿಷ ಮುಚ್ಚಿಡಿ. ಎಲೆಯನ್ನು ಮೊದಲಿನಿಂದ ಕುದಿಸಿದರೆ ಅದರ ಎಣ್ಣೆಯಂಶ ಹಬೆಯಲ್ಲಿ ಹೋಗುತ್ತದೆ, ಅಡುಗೆಮನೆಯಲ್ಲಿ ಘಮಘಮ, ಲೋಟದಲ್ಲಿ ಬರೀ ಖಾರ. ದಿನಕ್ಕೆ ಎರಡು ಸಲ ಅರ್ಧರ್ಧ ಲೋಟ, ಮೂರರಿಂದ ಐದು ದಿನ. ಮಗನಿಗೆ ಇದರ ಕಾಲು ಲೋಟ, ಮೆಣಸು ಬಿಟ್ಟು. ಬೆಲ್ಲವನ್ನೋ ಜೇನನ್ನೋ ಸೇರಿಸಬಹುದು. ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಯಾರ ಮನೆಯಲ್ಲೂ ಜೇನು ನೆಕ್ಕಿಸಬಾರದು, ಬೊಟುಲಿಸಂ ಎಂಬ ಪಾರ್ಶ್ವವಾಯುವಿನಂಥ ಕಾಯಿಲೆ ಬರಬಹುದು.

ನೀರಿನ ಬಗ್ಗೆ ಒಂದು ಮಾತು, ಇದನ್ನು ನಮ್ಮ ಕಡೆಯವರು ಯೋಚಿಸಲೇಬೇಕು. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಪಾವಗಡ ಕಡೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಕುದಿಸಿದರೆ ಫ್ಲೋರೈಡ್ ಆವಿಯಾಗುವುದಿಲ್ಲ. ನಾಲ್ಕು ಲೋಟ ನೀರನ್ನು ಒಂದು ಲೋಟಕ್ಕೆ ಇಳಿಸಿದರೆ ನಾಲ್ಕು ಲೋಟದ ಫ್ಲೋರೈಡ್ ಆ ಒಂದು ಲೋಟದಲ್ಲೇ ಉಳಿಯುತ್ತದೆ. ಅಂಥ ಕಷಾಯವನ್ನು ದಿನಾ ಮಕ್ಕಳಿಗೆ ಕುಡಿಸಿದರೆ ಹಲ್ಲಿನ ಮೇಲೆ ಕಂದು ಗೆರೆ ಬರುವ ದಾರಿ ಅದು. ಕಷಾಯಕ್ಕೆ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನೋ, ಹಿಡಿದಿಟ್ಟ ಮಳೆನೀರನ್ನೋ ಬಳಸಿ. ಪಾತ್ರೆ ಸ್ಟೀಲಿನದಿರಲಿ.

ಅಮೃತಬಳ್ಳಿಗೆ ಬರೋಣ. ಜ್ವರಕ್ಕೆ, ಜ್ವರ ಬಿಟ್ಟ ಮೇಲಿನ ಸುಸ್ತಿಗೆ ಆಯುರ್ವೇದದಲ್ಲಿ ಹಿಂದಿನಿಂದಲೂ ಬಳಕೆಯಲ್ಲಿರುವ ಬಳ್ಳಿ. ಕೊರೊನಾ ಕಾಲದಲ್ಲಿ ಜನ ತಿಂಗಳುಗಟ್ಟಲೆ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಹಾಗೆ ಕುಡಿದ ಕೆಲವರಲ್ಲಿ ಕಾಮಾಲೆ, ಲಿವರ್ ಊತ ಕಂಡದ್ದನ್ನು ವರದಿ ಮಾಡಿದರು. ದೇಹದ ರಕ್ಷಣಾ ವ್ಯವಸ್ಥೆ ಕೆರಳಿ ತನ್ನದೇ ಲಿವರ್ ಮೇಲೆ ತಿರುಗಿಬಿದ್ದಂಥ ಲಕ್ಷಣ ಅವರಲ್ಲಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿ ಸುರಕ್ಷಿತ, ಅದನ್ನೇ ಹೋಲುವ ಟೈನೊಸ್ಪೊರಾ ಕ್ರಿಸ್ಪಾ ಎಂಬ ಬಳ್ಳಿಯಿಂದ ಅಪಾಯ ಎಂದಿತು. ವಾದ ಏನೇ ಇರಲಿ, ಮನೆಯಲ್ಲಿ ಎರಡೂ ಎಚ್ಚರಿಕೆ ಪಾಲಿಸುವುದು ಕಷ್ಟವಲ್ಲ: ಬಳ್ಳಿ ಗುರುತಿಸಿ, ದಿನ ಮಿತಿಗೊಳಿಸಿ. ನಿಜವಾದ ಅಮೃತಬಳ್ಳಿಯ ಎಳೆ ಕಾಂಡ ಹಸಿರು, ಬಲಿತದ್ದರ ಮೇಲೆ ತೆಳು ಕಾಗದದಂಥ ಸಿಪ್ಪೆ, ಅದನ್ನು ಉಗುರಿನಿಂದ ಕೆರೆದರೆ ಒಳಗೆ ಹಸಿರು. ಕತ್ತರಿಸಿದರೆ ಅಡ್ಡಕೊಯ್ತದಲ್ಲಿ ಗಾಡಿಚಕ್ರದ ಅರಗಳಂತೆ ಗೆರೆ ಕಾಣುತ್ತದೆ, ಹಾಲು ಬರುವುದಿಲ್ಲ. ಕ್ರಿಸ್ಪಾದ ಕಾಂಡ ಬೂದು, ಮೈತುಂಬ ನರುಲಿಯಂಥ ಗುಳ್ಳೆ, ಗಾಯ ಮಾಡಿದರೆ ಹಾಲಿನಂಥ ದ್ರವ. ಗ್ರಂಧಿಗೆ ಅಂಗಡಿಯ ಒಣ ತುಂಡಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಪುಡಿಯಲ್ಲಿ, ಈ ಯಾವ ಗುರುತೂ ಸಿಗುವುದಿಲ್ಲ. ಪುಡಿ ಕೊಳ್ಳಬೇಡಿ.

ಆರೋಗ್ಯವಾಗಿರುವ ದೊಡ್ಡವರು ಜ್ವರದ ನಂತರ ಬಳಸುವುದಾದರೆ ಕಿರುಬೆರಳು ಗಾತ್ರದ ಹಸಿ ಕಾಂಡ 10ರಿಂದ 15 ಗ್ರಾಂ ಜಜ್ಜಿ, ಎರಡು ಲೋಟ ನೀರಿನಲ್ಲಿ ಅರ್ಧ ಲೋಟಕ್ಕೆ ಇಳಿಸಿ, ದಿನಕ್ಕೊಮ್ಮೆ, ಐದರಿಂದ ಏಳು ದಿನ. ಅಲ್ಲಿಗೆ ನಿಲ್ಲಿಸಿ. ಮೂತ್ರ ಗಾಢ ಹಳದಿಯಾದರೆ, ಊಟ ಬೇಡವಾದರೆ, ಮೈ ತುರಿಸಿದರೆ ಅಂದೇ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ, ಏನು ಕುಡಿದಿರೆಂದು ಮುಚ್ಚಿಡದೆ ಹೇಳಿ. ಲಿವರ್ ತೊಂದರೆ, ಸಂಧಿವಾತ, ಥೈರಾಯ್ಡ್ ಊತ, ಸೋರಿಯಾಸಿಸ್‌ನಂಥ ಕಾಯಿಲೆ ಇರುವವರು, ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಇವರಿಗೆ ಬೇಡ. ಅತ್ತೆಯವರಿಗೆ ಬೇಡವೆಂದದ್ದು ಬಳ್ಳಿಗೆ ಸಕ್ಕರೆ ಇಳಿಸುವ ಗುಣ ಇರುವುದರಿಂದ. ಗ್ಲಿಮಿಪಿರೈಡ್‌ನಂಥ ಮಾತ್ರೆಯ ಜೊತೆ ಸೇರಿದರೆ, ಊಟ ತಡವಾದ ದಿನ ಬೆವರು, ನಡುಕ, ತಲೆಸುತ್ತು ಬಂದು ಬೀಳಬಹುದು. ಹಾಗಲಕಾಯಿ ರಸ, ಮೆಂತ್ಯದ ನೀರು ಎಂದು ಹೊಸದಾಗಿ ಶುರು ಮಾಡುವುದಾದರೂ ಅವರ ವೈದ್ಯರಿಗೆ ತಿಳಿಸಿಯೇ ಮಾಡಿ. ಮಾತ್ರೆ ಬಿಟ್ಟು ಬೇರು ನೆಚ್ಚುವುದಂತೂ ಆಗದ ಮಾತು.

ಚಳಿಗಾಲದಲ್ಲಿ ಕೆಮ್ಮು. ಕಫ ಕಟ್ಟಿದ್ದರೆ ಆಡುಸೋಗೆಯ ಎರಡು ಮೂರು ಎಲೆಯನ್ನು ಇಡ್ಲಿ ಪಾತ್ರೆಯ ಹಬೆಯಲ್ಲಿ ಬಾಡಿಸಿ ಹಿಂಡಿದರೆ ರಸ ಸುಲಭವಾಗಿ ಬರುತ್ತದೆ. ಹಸಿಯಾಗಿ ಅರೆದರೆ ಬರೀ ಹಿಪ್ಪೆ. ಒಂದು ಚಮಚ ರಸ, ಒಂದು ಚಮಚ ಜೇನು, ದಿನಕ್ಕೆರಡು ಸಲ, ಐದು ದಿನ, ದೊಡ್ಡವರಿಗೆ ಮಾತ್ರ. ಇದು ಗರ್ಭಕೋಶವನ್ನು ಸಂಕುಚಿಸುವುದರಿಂದ ಗರ್ಭಿಣಿಯರಿಗೆ ಖಂಡಿತ ಕೂಡದು. ಲಕ್ಕಿ ಸೊಪ್ಪಿನ ಹಬೆ ಮೂಗು ಬಿಡಿಸುತ್ತದೆ. ಆದರೆ ಕಂಬಳಿ ಹೊದೆಸಿ ಕುದಿಯುವ ಪಾತ್ರೆಯ ಮುಂದೆ ಮಕ್ಕಳನ್ನು ಕೂರಿಸಬೇಡಿ, ಸುಟ್ಟ ಗಾಯ ನೆಗಡಿಗಿಂತ ದೊಡ್ಡದು. ಕೆಮ್ಮು ಎರಡು ವಾರ ದಾಟಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ, ಕ್ಷಯ ಇಲ್ಲವೆಂದು ಖಚಿತವಾಗಲಿ.

ಬೇಸಿಗೆಗೆ ಸೊಗದೇ ಬೇರು. ಕಡುಹಸಿರು ಎಲೆಯ ನಡುವೆ ಬಿಳಿ ಗೆರೆ ಇರುವ ಸಣಕಲು ಬಳ್ಳಿ, ಬೇರಿನ ಘಮವೇ ಗುರುತು. ವಾಸನೆ ಇಲ್ಲದಿದ್ದರೆ ಅದು ಬೇರೆ ಬಳ್ಳಿ. ಘಮ ಇರುವುದು ತೊಗಟೆಯಲ್ಲಿ, ನಡುವಿನ ಕಡ್ಡಿಯಲ್ಲಲ್ಲ. 50 ಗ್ರಾಂ ಒಣ ಬೇರನ್ನು ಉಜ್ಜಿ ತೊಳೆದು, ಜಜ್ಜಿ ಕಡ್ಡಿ ತೆಗೆದು, ಒಂದು ಲೀಟರ್ ಕುದಿಸಿ ಇಳಿಸಿದ ನೀರಿಗೆ ಹಾಕಿ ರಾತ್ರಿಯಿಡೀ ಮುಚ್ಚಿಡಿ. ಬೇರನ್ನೇ ಕುದಿಸಿದರೆ ಘಮ ಹಾರುತ್ತದೆ. ಬೆಳಿಗ್ಗೆ ಸೋಸಿ ಒಂದು ಕಿಲೋ ಸಕ್ಕರೆ ಸೇರಿಸಿ ಎಳೆಪಾಕದ ಮುಂಚೆ ಇಳಿಸಿ, ಆರಿದ ಮೇಲೆ ಎರಡು ನಿಂಬೆಹಣ್ಣಿನ ರಸ. ಒಂದು ಲೋಟ ತಣ್ಣೀರಿಗೆ ಎರಡು ದೊಡ್ಡ ಚಮಚ. ಅತ್ತೆಯವರಿಗೆ ಪಾಕ ಬೇಡ, ನೆನೆಸಿದ ನೀರನ್ನೇ ಮಜ್ಜಿಗೆಗೆ ಬೆರೆಸಿ ಕೊಡಿ. ಅಗೆಯುವಾಗ ಪಕ್ಕದ ಬೇರುಗಳನ್ನು ಮಾತ್ರ ತೆಗೆದು ತಾಯಿಬೇರು ಬಿಟ್ಟು ಮಣ್ಣು ಮುಚ್ಚಿ.

ಇದರ ಅಣ್ಣನಂತಿರುವ ಮಾಗಳಿ ಬೇರನ್ನು ಮಾತ್ರ ಬೆಟ್ಟದಿಂದ ಕೀಳಬೇಡಿ. ದೇವರಾಯನದುರ್ಗ, ಸಿದ್ದರಬೆಟ್ಟದಂಥ ಬಂಡೆಸಂದಿನ ಜಾಗಗಳಲ್ಲಿ ಬೆಳೆಯುವ ಈ ಬಳ್ಳಿಯ ಗೆಡ್ಡೆಬೇರು ದಪ್ಪವಾಗಲು ವರ್ಷಗಳು ಬೇಕು, ಉಪ್ಪಿನಕಾಯಿಗಾಗಿ ಅಗೆದರೆ ಗಿಡವೇ ಹೋಗುತ್ತದೆ. ಹಾಗಾಗಿಯೇ ಅದು ಅಳಿವಿನ ಅಪಾಯದಲ್ಲಿರುವ ಸಸ್ಯಗಳ ಜಾಗತಿಕ ಕೆಂಪು ಪಟ್ಟಿ ಸೇರಿದೆ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಏನನ್ನು ಕಿತ್ತರೂ ಅಪರಾಧ. ನರ್ಸರಿಯಿಂದ ಸಸಿ ತಂದು ಬದುವಿನ ಕಲ್ಲುಗುಡ್ಡೆಯ ಪಕ್ಕ ನೆಟ್ಟರೆ ನಿಮ್ಮದೇ ಬೇರು ಆಗುತ್ತದೆ.

ಒಣಗಿಸಿ ಇಡುವುದಾದರೆ ನೆರಳಿನಲ್ಲಿ, ಗಾಳಿಯಾಡುವ ಕಡೆ, ಎಲೆ ಹಿಡಿದರೆ ಪುಡಿಪುಡಿಯಾಗುವವರೆಗೆ. ಮಳೆಗಾಲದಲ್ಲಿ ಅರೆಬರೆ ಒಣಗಿದ್ದಕ್ಕೆ ಬೂಷ್ಟು ಬರುತ್ತದೆ, ಬೂಷ್ಟು ಒರೆಸಿ ಬಳಸುವಂಥದ್ದಲ್ಲ, ತಿಪ್ಪೆಗೆ ಹಾಕಿ. ಡಬ್ಬಿಯ ಮೇಲೆ ಹೆಸರು, ಕಿತ್ತ ಜಾಗ, ತಿಂಗಳು ಬರೆದಿಡಿ. ಆರು ತಿಂಗಳ ಮೇಲೆ ಎಲೆ ಇಡಬೇಡಿ.

ಜ್ವರ ಮೂರು ದಿನ ಬಿಡದಿದ್ದರೆ, ಮೈಮೇಲೆ ಕೆಂಪು ಚುಕ್ಕೆ, ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಡೆಂಗಿ ಇರಬಹುದು, ಪಪ್ಪಾಯ ಎಲೆ ಅರೆಯುತ್ತ ಕೂರಬೇಡಿ. ಕಾಮಾಲೆಗೆ ನೆಲನೆಲ್ಲಿ ಕೊಡುವ ರೂಢಿ ಎಲ್ಲ ಊರಲ್ಲೂ ಇದೆ. ಕೊಡುವ ಮುಂಚೆ ರಕ್ತ ಪರೀಕ್ಷೆ ಆಗಿರಲಿ, ಕಾಮಾಲೆಗೆ ಪಿತ್ತನಾಳದ ಕಲ್ಲೂ ಕಾರಣವಿರಬಹುದು, ಇಲಿಜ್ವರವೂ ಇರಬಹುದು.

ಸೊಪ್ಪು ತಿಂದ ಅರ್ಧ ಗಂಟೆಯಿಂದ ಎರಡು ಮೂರು ಗಂಟೆಯೊಳಗೆ ಯಾರಿಗಾದರೂ ಬಾಯಿ ಒಣಗಿ, ಮುಖ ಕೆಂಪೇರಿ, ಕಣ್ಣಿನ ಪಾಪೆ ಹಿಗ್ಗಿ, ಮಾತು ತೊದಲಿ, ಇಲ್ಲದ್ದನ್ನು ಹಿಡಿಯಲು ಕೈಚಾಚುತ್ತಿದ್ದರೆ ಉಮ್ಮತ್ತಿ ಸೇರಿದೆ ಎಂದೇ ತಿಳಿಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಅರೆಪ್ರಜ್ಞೆಯಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. 108ಕ್ಕೆ ಕರೆ ಮಾಡಿ, ಒಂದು ಪಕ್ಕಕ್ಕೆ ಮಲಗಿಸಿ, ಉಳಿದ ಸಾರನ್ನೂ ಬೇಯಿಸದೆ ಮಿಕ್ಕ ಸೊಪ್ಪಿನ ಕಟ್ಟನ್ನೂ ಒಂದು ಚೀಲಕ್ಕೆ ಹಾಕಿ ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ. ಅದೇ ಸಾರು ಉಂಡ ಉಳಿದವರು ಚೆನ್ನಾಗಿದ್ದರೂ ಅವರನ್ನೂ ಕರೆದುಕೊಂಡು ಹೋಗಿ.